ಮೂತಿ ಒರೆಸದ ಹೇನು

“ಅಕ್ಕಾ, ಕೀಳಬೇಡ! ಗುದ್ದಲಿ ಬಿಸಾಕಿ ಓಡಿ ಬಾ!”

ತಂಗಿ ಮೆಣಸಿನಕಾಯಿ ಗಿಡಗಳ ಸಾಲಿನಲ್ಲಿ ಬೋರಲಾಗಿ ಮಲಗಿ, ಭೂತಗನ್ನಡಿಯನ್ನು ಒಂದು ಎಲೆಗೆ ಹಿಡಿದಿದ್ದಳು. ಅಕ್ಕ ಬರಲಿಲ್ಲ. ‘ಗಿಡದ ರಸ ಹೀರುವ ಹೇನು ಕೂರದ ತಳಿ ಬೆಳೆಸಿದ್ದೇನೆ’ ಎಂದು ಊರಿಗೆಲ್ಲ ಡಂಗುರ ಸಾರಿದವಳು ಅವಳೇ. ನಾಳೆ ಬೀಜದ ಕಂಪನಿಯವರು ನೋಡಲು ಬರುವವರಿದ್ದರು. ಅವಳ ಮಾತೇನೋ ನಿಜ, ಒಂದು ಹೇನೂ ಕೂತಿರಲಿಲ್ಲ. ಆದರೆ ಹೇನು ಹರಡುವ ನಂಜುರೋಗ ಮಾತ್ರ ಗಿಡದಿಂದ ಗಿಡಕ್ಕೆ ಹಬ್ಬುತ್ತಿತ್ತು. ಮಾನ ಹೋಗುವ ಮುಂಚೆ ಇಡೀ ಹೊಲ ಕಿತ್ತು ಸುಟ್ಟುಬಿಡೋಣ ಎಂದು ಬೆಳಿಗ್ಗೆಯೇ ತೋಳೇರಿಸಿದ್ದಳು.

“ಬಾ ಅಂದ್ರೆ! ಹಾರಿಹೋಗತ್ತೆ!”

ಅಕ್ಕ ಗೊಣಗುತ್ತ ಬಂದು ಬಗ್ಗಿದಳು. ಗಾಜಿನಡಿ ರೆಕ್ಕೆಯ ಒಂದು ಹೇನು. ರೋಗಕ್ಕೆ ಮುದುಡಿದ ಎಲೆಗೆ ಸೂಜಿಮೂತಿ ಚುಚ್ಚಿತು, ರುಚಿಸಲಿಲ್ಲ, ಎದ್ದಿತು. ಪಕ್ಕದ ಹಸಿರು ಗಿಡಕ್ಕೆ ಹಾರಿ ಚುಚ್ಚಿತು. ಅದೂ ರುಚಿಸಲಿಲ್ಲ, ಮುಂದಿನದಕ್ಕೆ ಹಾರಿತು.

“ನೋಡಿದ್ಯಾ? ನಾನು ಹೇಳಲಿಲ್ವಾ, ನನ್ನ ಗಿಡ ಅದಕ್ಕೆ ಕಹಿ!” ಆ ಸಂಕಟದಲ್ಲೂ ಅಕ್ಕನಿಗೆ ಹೆಮ್ಮೆ.

“ಅದೇ ಕಣೇ ಎಡವಟ್ಟು! ರುಚಿಯಾಗಿದ್ರೆ ಒಂದೇ ಕಡೆ ಬಿದ್ದಿರ್ತಿತ್ತು. ಕಹಿ ಅಂತ ಮನೆಮನೆ ಸುತ್ತುತ್ತಾ ಇದೆ. ಮೂತಿಗೆ ಅಂಟಿದ ನಂಜನ್ನ ಎಲ್ಲರಿಗೂ ಹಂಚ್ತಾ ಇದೆ!”

ಅಕ್ಕ ಮಣ್ಣಿನಲ್ಲೇ ಕೂತುಬಿಟ್ಟಳು. ತಳಿ ಸೋತಿರಲಿಲ್ಲ!

“ಹಾಗಾದ್ರೆ ರೋಗದ ಗಿಡ ಅಷ್ಟೇ ಕೀಳೋಣ. ಮುಂದಿನ ಬಿತ್ತನೆಗೆ ಸುತ್ತ ಜೋಳ ಹಾಕೋಣ ಕಣೇ. ಜೋಳಕ್ಕೆ ಈ ನಂಜು ತಾಗಲ್ಲ. ಮೊದಲು ಅಲ್ಲಿ ಚುಚ್ಚಿ, ಮೂತಿ ಒರೆಸ್ಕೊಂಡು ಒಳಗೆ ಬರಲಿ! ನಾಳೆ ಕಂಪನಿಯವರಿಗೂ ಇದನ್ನೇ ಹೇಳ್ತೀನಿ!”

ಇಬ್ಬರೂ ಮಕ್ಕಳಂತೆ ಚಪ್ಪಾಳೆ ತಟ್ಟಿ ನಕ್ಕರು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಯಾರ ಮನೆಯಲ್ಲೂ ಐದು ನಿಮಿಷ ಕೂರದ ಚಿಕ್ಕಮ್ಮ!

“ನಿಮ್ಮ ಗಿಡ ಎಲ್ಲಾ ಸತ್ತೇಹೋಯ್ತಂತಲ್ಲ? ಆಚೆಮನೇಲಿ ಅಂದ್ರು. ಕೂರಲ್ಲಮ್ಮ, ಇನ್ನೂ ನಾಲ್ಕು ಮನೆಗೆ ಹೋಗಬೇಕು...”

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಒಂದೇ ಓಟಕ್ಕೆ ಕುರ್ಚಿ ತಂದಳು.

“ಅದೆಲ್ಲ ಆಗಲ್ಲ ಚಿಕ್ಕಮ್ಮ,” ಅಕ್ಕ ಕೈಹಿಡಿದು ಕೂರಿಸಿದಳು. “ಹೊಟ್ಟೆ ತುಂಬ ಊಟ ಮಾಡಿ. ಬಾಯಿ ತೊಳ್ಕೊಂಡೇ ಮುಂದಿನ ಮನೆಗೆ ಹೋಗುವಿರಂತೆ.”