ಅಂಡಮಾನಿಗೆ ಹೊರಟ ಹಳೇ ಸ್ಕೂಟರ್

ಕೆಲಸವಿದ್ದರೆ ಮುಗಿಸಿ ಬಂದು ಓದಿ... ನಡುವೆ ಬಿಡುವ ಕಥೆಯಲ್ಲ ಇದು.

ಗದಗದ ಚನ್ನವೀರನಿಗೆ ಅಂಡಮಾನಿಗೆ ಟ್ರಾನ್ಸ್‌ಫರ್ ಆಗಿತ್ತು. ಕೇಂದ್ರ ಸರ್ಕಾರದ ಕೆಲಸ, ಒಲ್ಲೆ ಅನ್ನುವ ಹಾಗಿಲ್ಲ.

ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಇದ್ದವಳು ತಾಯಿ ಫಕೀರವ್ವ ಒಬ್ಬಳೇ. ಅವಳನ್ನೂ ಜೊತೆಗೇ ಕರೆದುಕೊಂಡು ಹೋಗುವುದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದ.

ಪಾತ್ರೆ ಪಡಗ ಕಟ್ಟಿದ್ದಾಯಿತು, ಮಂಚ ಕಪಾಟು ಕೊಟ್ಟಿದ್ದಾಯಿತು... ಉಳಿದದ್ದು ಅಂಗಳದಲ್ಲಿದ್ದ ಹಳೇ ಗೇರ್ ಸ್ಕೂಟರ್. ಮಾರಬೇಕೋ, ಹಡಗಿಗೆ ಹಾಕಬೇಕೋ?

ಒಂದು ಕಡೆ ವಾಲಿಸಿ ಕಿಕ್ ಹೊಡೆಯದಿದ್ದರೆ ಎದ್ದೇಳದ ಗಾಡಿ ಅದು. ಎದ್ದರೆ ಓಣಿಯ ನಾಯಿಗಳೆಲ್ಲ ಎದ್ದು ಕೂರಬೇಕು, ಅಂಥ ಸದ್ದು.

ಗಾಡಿಯ ಬೆಲೆಗಿಂತ ಹಡಗಿನ ಬಾಡಿಗೆಯೇ ಹೆಚ್ಚು ಅಂತ ಗೆಳೆಯರು ನಕ್ಕರು. ಇಷ್ಟು ಹಳೆಯ ಗಾಡಿಗೆ ಅಲ್ಲಿ ಓಡಿಸಲು ಪರ್ಮಿಶನ್ ಸಿಗುವುದೇ ಅನುಮಾನ, ಉಪ್ಪುಗಾಳಿಗೆ ತುಕ್ಕು ಹಿಡಿಯುವುದು ಗ್ಯಾರಂಟಿ ಅಂತ ಹಡಗಿನ ಬುಕಿಂಗ್ ಮಾಡುವ ಏಜೆಂಟ್ ಹೇಳಿದ. ಸಂಜೆಯೊಳಗೆ ಒಂದು ಮಾತು ತಿಳಿಸಿ ಎಂದೂ ಹೇಳಿದ.

ಚನ್ನವೀರನಿಗೆ ಇದೆಲ್ಲ ಗೊತ್ತಿತ್ತು. ಅವನ ಸಂಕಟವೇ ಬೇರೆ ಇತ್ತು...

ಫಕೀರವ್ವನಿಗೆ ಮರೆವಿನ ಕಾಯಿಲೆ. ಗಂಡ ಸತ್ತದ್ದು ಮರೆತಿದ್ದಳು, ಊರು ಮರೆತಿದ್ದಳು, ಎದುರಿಗೆ ಕೂತ ಮಗನ ಮುಖವನ್ನೂ ಮರೆತಿದ್ದಳು.

ಆದರೆ ಸಂಜೆ ಓಣಿಯ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿದರೆ ಸಾಕು... ಕೈಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದಳು. "ಚನ್ನೂ, ಬಂದ್ಯೇನಪಾ?" ಅನ್ನುತ್ತಿದ್ದಳು.

ಅಷ್ಟೇ. ಅವನು ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಎಲ್ಲ ಅಳಿಸಿ ಹೋಗಿರುತ್ತಿತ್ತು. "ತಮ್ಮಾ, ನೀ ಯಾರಪಾ?" ಅಂತ ಕೇಳುತ್ತಿದ್ದಳು.

ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಲ್ಲವೇ... ಆ ಒಂದು ಗಳಿಗೆಗಾಗಿ ಅವನು ದಿನವಿಡೀ ಕಾಯುತ್ತಿದ್ದ. ಮನಸ್ಸು ತಡೆಯದ ದಿನ, ಸುಮ್ಮನೆ ಗಾಡಿ ತೆಗೆದು ಓಣಿ ಸುತ್ತಿ ಮತ್ತೆ ಬರುತ್ತಿದ್ದ. ಬಾಗಿಲಲ್ಲಿ ಇನ್ನೊಮ್ಮೆ ಮಗನಾಗಲು...

ಈಗ ಸ್ಕೂಟರ್ ಮಾರಿದರೆ, ಅವ್ವನ ಪಾಲಿಗೆ ತಾನು ಸತ್ತಂತೆಯೇ ಅಂತ ಅವನಿಗೆ ಅನಿಸುತ್ತಿತ್ತು. ಯಾರ ಹತ್ತಿರ ಹೇಳಿಕೊಳ್ಳುವುದು? ಗುಜರಿ ಗಾಡಿಗಾಗಿ ಅಳುವ ಗಂಡಸನ್ನು ಕಂಡರೆ ಜನ ನಗುತ್ತಾರೆ.

ಆ ಮಧ್ಯಾಹ್ನ ಸಂತೆಗಳಲ್ಲಿ ಬಟ್ಟೆ ಮಾರುವ ಹುಸೇನಸಾಬ ಗಾಡಿ ನೋಡಲು ಬಂದ. ಹೆಚ್ಚುಕಡಿಮೆ ಚನ್ನವೀರನದೇ ವಯಸ್ಸು. ಹಳೇ ಸ್ಕೂಟರ್ ಓಡಿಸಿ ರೂಢಿಯಿದ್ದವನು. ತಾನೇ ವಾಲಿಸಿ, ಕಿಕ್ ಹೊಡೆದು, ಒಂದು ರೌಂಡ್ ನೋಡಿ ಬರುತ್ತೇನೆ ಅಂತ ಹೋದ.

ಚನ್ನವೀರ ಕಟ್ಟೆಯ ಮೇಲೆ ಕೂತೇ ಇದ್ದ. ತಿರುವಿನಲ್ಲಿ ಸದ್ದು ಕೇಳಿತು...

ಫಕೀರವ್ವ ತಂಬಿಗೆ ಹಿಡಿದು ಬಂದಳು. ಕಟ್ಟೆಯ ಮೇಲಿದ್ದ ಮಗನನ್ನು ದಾಟಿಕೊಂಡು, ಗಾಡಿ ಇಳಿಯುತ್ತಿದ್ದ ಹುಸೇನಸಾಬನ ಹತ್ತಿರ ಹೋದಳು.

"ಚನ್ನೂ, ಬಂದ್ಯೇನಪಾ?"

ಚನ್ನವೀರನಿಗೆ ಆಗ ಹೊಳೆಯಿತು. ಗಾಡಿ ಯಾರು ಓಡಿಸಿದರೂ ಅವರೇ ಮಗ! ಇಷ್ಟು ದಿನ ಅವ್ವ ಗುರುತು ಹಿಡಿದದ್ದು ತನ್ನನ್ನಲ್ಲ, ಒಂದು ಇಂಜಿನ್ನನ್ನು. ಮುಳುಗುವವನಿಗೆ ಸಿಕ್ಕಿದ್ದ ಹುಲ್ಲುಕಡ್ಡಿಯೂ ಕೈಬಿಟ್ಟಿತು.

ಹುಸೇನಸಾಬ ಗಾಬರಿಯಿಂದ ಚನ್ನವೀರನ ಮುಖ ನೋಡಿದ. ಏನು ಕಂಡಿತೋ... "ಹೂಂ ಯವ್ವಾ, ಬಂದೆ" ಅಂದ.

ಮುದುಕಿ ಅವನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಗುಟ್ಟು ಹೇಳುತ್ತಿದ್ದೇನೆ ಅಂದುಕೊಂಡು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಎಲ್ಲೋ ದೂರ ಊರಿಗೆ ಹೊಂಟೀವಂತ. ಒಂದು ಮಾತು ಕೇಳು... ಅಲ್ಲಿ ಕಟ್ಟಿ ಮ್ಯಾಲೆ ಕುಂತಾನಲ್ಲ, ಅಂವ ಯಾರ ಮಗನೋ ನನಗ ಗೊತ್ತಿಲ್ಲ."

"ದಿನಾ ಮೈ ತೊಳಸ್ತಾನ, ತಲಿ ಬಾಚ್ತಾನ, ತುತ್ತು ಮಾಡಿ ಉಣಸ್ತಾನ. ಹಾಸಿಗಿ ಹೊಲಸು ಮಾಡಿಕೊಂಡ್ರೂ ಒಂದು ದಿನಾನೂ ಹೇಸಿಕೊಂಡಿಲ್ಲ."

"ನೀ ಬರ್ತಿ, ಒಂದು ಗಳಿಗಿ ಇದ್ದು ಹೋಗಿಬಿಡ್ತಿ. ಅಂವ ಹೋಗಂಗಿಲ್ಲ. ನೀ ಬರದಿದ್ರೂ ನಡೀತೈತಿ ಚನ್ನೂ... ಅವನ್ನ ಬಿಟ್ಟು ಮಾತ್ರ ನಾ ಎಲ್ಲಿಗೂ ಬರಂಗಿಲ್ಲ."

ಚನ್ನವೀರ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿ ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಹುಸೇನಸಾಬ ಮುದುಕಿಯ ಕೈ ಮೇಲೆ ಕೈಯಿಟ್ಟ. "ಅಂವ ನಿನ್ನ ಜೋಡಿನ ಬರ್ತಾನ ಯವ್ವಾ, ಬಿಟ್ಟು ಎಲ್ಲಿ ಹೋಗ್ತಾನ" ಅಂದ. ಆಮೇಲೆ ಚನ್ನವೀರನ ಕಡೆ ತಿರುಗಿ, ಗಾಡಿ ನಿಮಗೇ ಇರಲಿ, ನನಗೆ ಬೇರೆ ಸಿಗುತ್ತದೆ ಅಂತ ಮೆಲ್ಲಗೆ ಹೇಳಿದ.

ಚನ್ನವೀರ ಬೇಡ ಎಂದು ತಲೆಯಾಡಿಸಿದ. ಗಾಡಿಯ ಕಾಗದಪತ್ರ ತಂದು ಅವನ ಕೈಗಿಟ್ಟ. ಹಡಗಿನ ಏಜೆಂಟ್‌ಗೆ ಫೋನ್ ಮಾಡಿ ಬರೀ ನಾವಿಬ್ಬರೇ ಬರುತ್ತೇವೆ ಅಂದ.

ಸ್ಕೂಟರ್ ಓಣಿ ದಾಟಿತು. ಸದ್ದು ಸಣ್ಣಗಾಗುತ್ತಾ ಆಗುತ್ತಾ ನಿಂತುಹೋಯಿತು.

"ತಮ್ಮಾ, ಚನ್ನು ಹೋದನೇನು?" ಅಂತ ಕೇಳಿದಳು ಫಕೀರವ್ವ.

"ಹೋದ ಅವ್ವಾ."

"ಹೋಗಲಿ ಬಿಡು" ಅಂದಳು. ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಅವನ ಕೆನ್ನೆ ಒರೆಸಿದಳು. "ಅಳಬ್ಯಾಡ. ನೀ ಉಂಡಿಯೇನು?"

ಹೆಸರು, ಮುಖ ಎಲ್ಲ ಮರೆತ ಮೇಲೂ... ಆರೈಕೆ ಮಾಡಿದ ಕೈಯನ್ನು ಜೀವ ಮರೆಯುವುದಿಲ್ಲ.

ನಿಮ್ಮ ಹೆಸರು ಅಳಿಸಿಹೋದ ದಿನ ನಿಮ್ಮ ಮನೆಯವರು ನಿಮ್ಮ ಬಗ್ಗೆ ಏನು ಹೇಳಿಯಾರು... ಒಮ್ಮೆ ಯೋಚಿಸಿದ್ದೀರಾ?