ಮೂರು ಕೆಮ್ಮು

ಮುನ್ನೂರ ಹನ್ನೆರಡನೇ ಪ್ರಯೋಗಕ್ಕೆ ನಲವತ್ತು ನಿಮಿಷ ಇರುವಾಗ, ಅತ್ತೆಯ ಪಾತ್ರದ ವೈಜಯಂತಿ ಬರುವುದಿಲ್ಲ ಎಂಬ ಸುದ್ದಿ ಬಂತು. ನಿರ್ಮಾಪಕ ಶಂಕರ ಮೊಬೈಲನ್ನು ಜೇಬಿಗಿಳಿಸಿ, ರಂಗದ ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಸ್ವೆಟರ್ ಹೆಣೆಯುತ್ತ ಕೂತಿದ್ದ ದೇವಕಿಯ ಎದುರು ಬಂದು ನಿಂತ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಅವನ ಕನ್ನಡದಲ್ಲಿ ಅರ್ಧ ಹಿಂದಿ.

“ಚಲೋ ದೇವಕೀಜೀ, ಸೀರೆ ಉಟ್ಕೊಳ್ಳಿ. ವೈಜಯಂತಿ ಆಸ್ಪತ್ರೇಲಿದ್ದಾರೆ.”

ಸೀರೆ ಉಟ್ಟುಕೊಳ್ಳಿ ಎಂಬ ಮಾತಿಗೆ ದೇವಕಿ ಆರು ವರ್ಷ ಕಾದಿದ್ದಳು. ವಾರದ ಐದು ದಿನ ಅವಳು ಕೃಷಿ ಭವನದಲ್ಲಿ ಗುಮಾಸ್ತೆ. ಭಾನುವಾರ ಸಂಜೆ ಮಂಡಿ ಹೌಸ್ ಬಳಿಯ ಈ ಬಾಡಿಗೆ ಥಿಯೇಟರಿನಲ್ಲಿ ಬದಲಿ ನಟಿ. ನಾಟಕ ಹಿಂದಿಯದು, ಅತ್ತೆ ಸೊಸೆಯರ ಜಗಳದ್ದು, ನಗಿಸುವಂಥದು. ವರ್ಷಗಟ್ಟಲೆ ಓಡುವ ನಾಟಕ ಒಂದು ಭಾನುವಾರ ನಿಂತರೂ ಬಂದ ಜನ ಮತ್ತೆ ಬರುವುದಿಲ್ಲ, ಥಿಯೇಟರಿನ ತಾರೀಖು ಬೇರೆಯವರ ಪಾಲಾಗುತ್ತದೆ. ಅದಕ್ಕೇ ದೊಡ್ಡ ಪಾತ್ರಗಳಿಗೆಲ್ಲ ಶಂಕರ ಬದಲಿಯವರನ್ನು ಇಟ್ಟಿದ್ದ. ಅವರು ಪ್ರತಿ ಪ್ರಯೋಗಕ್ಕೂ ಬರಬೇಕು, ಕೂರಬೇಕು, ಮುಗಿದ ಮೇಲೆ ಮನೆಗೆ ಹೋಗಬೇಕು. ವೈಜಯಂತಿ ಈವರೆಗೆ ಒಂದು ಪ್ರಯೋಗವನ್ನೂ ತಪ್ಪಿಸಿರಲಿಲ್ಲ. ದೇವಕಿ ಹದಿನಾಲ್ಕು ಸ್ವೆಟರ್ ಹೆಣೆದು ಮುಗಿಸಿದ್ದಳು.

ಅಂದು ಅವಳಿಗೆ ಒಂದು ಮಾತೂ ತಪ್ಪಲಿಲ್ಲ. ವೈಜಯಂತಿ ನಿಲ್ಲುವಲ್ಲಿ ನಿಂತಳು, ತಿರುಗುವಲ್ಲಿ ತಿರುಗಿದಳು. ಎರಡನೇ ಅಂಕದಲ್ಲಿ ಅತ್ತೆ ಸೊಸೆಯ ತವರನ್ನು ಹಿಡಿದು ಬೈಯಲು ಬಾಯಿ ತೆರೆದವಳು, ಬೈಗುಳ ಹೊರಬೀಳುವ ಮೊದಲೇ ಬೀರುವಿಗೆ ಕೈ ಊರಿ ಮೂರು ಸಲ ಕೆಮ್ಮುತ್ತಾಳೆ. ಸ್ಕ್ರಿಪ್ಟಿನಲ್ಲಿಲ್ಲದ ಈ ಕೆಮ್ಮು ಹೋದ ಚಳಿಗಾಲದಲ್ಲಿ ನಾಟಕಕ್ಕೆ ಸೇರಿಕೊಂಡದ್ದು. ಮೊದಲನೆಯದು ಸಣ್ಣದು, ಎರಡನೆಯದು ಎದೆಯಾಳದಿಂದ ಬರುವಂಥದು, ಮೂರನೆಯದಕ್ಕೆ ಇಡೀ ಮೈ ಬಾಗುತ್ತದೆ. ದೇವಕಿ ಮೂರನ್ನೂ ಹಾಗೆಯೇ ಕೆಮ್ಮಿದಳು. ಥಿಯೇಟರು ಎಂದಿನಂತೆ ಮೂರನೆಯದಕ್ಕೆ ನಕ್ಕಿತು.

“ಕ್ಯಾ ಬಾತ್ ಹೈ,” ಎಂದ ಶಂಕರ, ಪರದೆ ಬಿದ್ದ ಮೇಲೆ. “ಆ ಕೆಮ್ಮು ಇದೆಯಲ್ಲ, ಬಿಲ್ಕುಲ್ ವೈಜಯಂತೀದೇ.”

“ಅವರಿಗೆ ಏನಾಗಿದೆಯಂತೆ?”

“ಎದೇಲಿ ನೀರು ತುಂಬಿದೆಯಂತೆ. ಒಂದು ವರ್ಷದಿಂದ ಕಾಯಿಲೆ ಇರಬೇಕು ಅಂದ್ರಂತೆ ಡಾಕ್ಟ್ರು. ಯಾರಿಗೂ ಗೊತ್ತೇ ಆಗಿಲ್ಲ ನೋಡಿ.”

ದೇವಕಿ ಒಂದು ಕೆನ್ನೆಯ ಬಣ್ಣ ಒರೆಸಿಕೊಂಡಿದ್ದಳು. ಇನ್ನೊಂದನ್ನು ಒರೆಸಲು ಬಹಳ ಹೊತ್ತು ಹಿಡಿಯಿತು. ಒಂದು ವರ್ಷ, ಪ್ರತಿ ಭಾನುವಾರ, ಹತ್ತಡಿ ದೂರದಲ್ಲಿ ಕೂತು ಅವಳು ಆ ಕೆಮ್ಮನ್ನು ಕೇಳಿದ್ದಳು, ಕಲಿತಿದ್ದಳು.

ಮಾರನೆಯ ದಿನ ಅರ್ಧ ದಿನದ ರಜೆ ಹಾಕಿ ಆಸ್ಪತ್ರೆಗೆ ಹೋದಳು. ವೈಜಯಂತಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ದಿಂಬಿಗೊರಗಿದ್ದರು. ನೋಡಿದ ಕೂಡಲೇ ಕೇಳಿದರು: “ಮಾತು ಎಲ್ಲಾದ್ರೂ ತಪ್ಪಿತೇನೆ?”

“ಇಲ್ಲ ಅಕ್ಕ.”

“ಕೆಮ್ಮು?”

“ಕೆಮ್ಮಿದೆ.” ದೇವಕಿ ತಲೆ ಎತ್ತಲಿಲ್ಲ. “ಅದೂ ಪಾತ್ರದ್ದೇ ಅಂದ್ಕೊಂಡಿದ್ದೆ.”

“ನಕ್ಕರಾ?”

“ನಕ್ಕರು.”

“ಮೂರನೇದಾದ ಮೇಲೆ ಸ್ವಲ್ಪ ನಿಲ್ಬೇಕು. ನಗು ಪೂರ್ತಿ ಇಳೀಲಿ. ನೀನು ಅವಸರ ಮಾಡಿರ್ತೀಯ.”

“ಯಾಕಕ್ಕ ಒಬ್ಬರಿಗೂ ಹೇಳ್ಲಿಲ್ಲ? ಡಾಕ್ಟ್ರ ಹತ್ರ ಹೋಗಬಹುದಿತ್ತಲ್ಲ?”

“ಹೋಗಿದ್ರೆ ಮೂರು ತಿಂಗಳು ಮಲಗು ಅಂತಿದ್ರು.” ವೈಜಯಂತಿ ನಳಿಕೆಯನ್ನು ಸರಿಪಡಿಸಿಕೊಂಡರು. “ನೀನು ಎಲ್ಲಾ ಬಾಯಿಪಾಠ ಮಾಡ್ಕೊಂಡು ಅಲ್ಲೇ ಕೂತಿದ್ಯಲ್ಲ.”

ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ದೇವಕಿ ತಂದಿದ್ದ ಕಿತ್ತಳೆಯನ್ನು ಸುಲಿದು, ಒಂದೊಂದೇ ತೊಳೆ ಅವರ ಕೈಗಿಟ್ಟಳು.

ಮುಂದಿನ ಭಾನುವಾರ ಬಣ್ಣ ಹಚ್ಚಿಕೊಳ್ಳುವ ಮೊದಲೇ ಅವಳು ಶಂಕರನಿಗೆ ಹೇಳಿದಳು: “ಇವತ್ತು ನಾನು ಕೆಮ್ಮೋದಿಲ್ಲ.”

“ಅಚ್ಛಾ, ನಿಮ್ಮಿಷ್ಟ. ಅಲ್ಲಿ ಒಂದು ನಗು ಕಮ್ಮಿಯಾಗುತ್ತೆ, ಅಷ್ಟೇ.”

ಹೊರಗೆ ಜನವರಿಯ ಮಂಜು, ಹೊಗೆ. ಥಿಯೇಟರು ತುಂಬಿತ್ತು. ಎರಡನೇ ಅಂಕದಲ್ಲಿ ದೇವಕಿ ಬೈಯಲು ಬಾಯಿ ತೆರೆದಳು, ಬೀರುವಿಗೆ ಕೈ ಊರಿದಳು, ಸುಮ್ಮನೆ ನಿಂತಳು. ಆಗ ಎರಡನೇ ಸಾಲಿನಿಂದ ಯಾರೋ ಕೆಮ್ಮಿದರು. ಒಂದು, ಎರಡು, ಮೂರು. ನಾಟಕವನ್ನು ಹಿಂದೆ ನೋಡಿದ್ದವರು ನಕ್ಕರು, ಅವರನ್ನು ನೋಡಿ ಉಳಿದವರೂ ನಕ್ಕರು. ನಗು ಇಳಿಯಿತು. ಕೆಮ್ಮು ನಿಲ್ಲಲಿಲ್ಲ.

ದೇವಕಿ ಬೀರು ಬಿಟ್ಟು ರಂಗದ ಅಂಚಿಗೆ ಬಂದಳು. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಅಂಗೈ ಅಡ್ಡ ಹಿಡಿದು ನೋಡಿದರೆ, ಶಾಲಿನಿಂದ ಬಾಯಿ ಮುಚ್ಚಿಕೊಂಡು ಬಾಗಿದ್ದ ಒಬ್ಬ ಮುದುಕಿ.

“ಮಾಜೀ, ತಬಿಯತ್ ಠೀಕ್ ಹೈ ನಾ? ಪಾನಿ ದೂಂ?”

ಅದುವರೆಗೆ ಸೊಸೆಯನ್ನು ಹರಿದು ತಿನ್ನುತ್ತಿದ್ದ ಅತ್ತೆಯ ಬಾಯಿಂದ ಆರಾಮಿದ್ದೀರಾ, ನೀರು ಕೊಡಲಾ ಎಂಬ ಮೆತ್ತನೆಯ ಮಾತು ಬಂದದ್ದು ಕೇಳಿ ಥಿಯೇಟರು ಬಿದ್ದು ಬಿದ್ದು ನಕ್ಕಿತು. ದೇವಕಿ ನಗಲಿಲ್ಲ. ನಾಟಕದ ಮೇಜಿನ ಮೇಲಿದ್ದ ಲೋಟಕ್ಕೆ ನೀರು ಬಗ್ಗಿಸಿ, ಮಂಡಿಯೂರಿ, ಕೆಳಗೆ ಚಾಚಿದಳು. ಲೋಟ ಮೊದಲ ಸಾಲಿನವರ ಕೈ ದಾಟಿ ಮುದುಕಿಗೆ ತಲುಪಿತು. ಜನ ಚಪ್ಪಾಳೆ ತಟ್ಟಿದರು. ಮುದುಕಿ ನೀರು ಕುಡಿದು ಮುಗಿಸುವವರೆಗೆ ಅವಳು ಅಲ್ಲೇ ಮಂಡಿಯೂರಿದ್ದಳು.

ರಂಗದ ಪಕ್ಕದಲ್ಲಿ ನಿಂತಿದ್ದ ಶಂಕರ ಪೆನ್ನು ತೆಗೆದು, ಸ್ಕ್ರಿಪ್ಟಿನ ಆ ಪುಟದ ಅಂಚಿನಲ್ಲಿ ಬರೆದುಕೊಂಡ: “ಇಲ್ಲಿ ನೀರು ಕೊಡುವುದು. ಪ್ರತಿ ವಾರ.”