ಡಮ್ಮಿಯ ಚಹಾ

ಉಕ್ಕಿ ಸುಟ್ಟ ಹಾಲಿನ ವಾಸನೆ ಬಂದರೆ ಈಗಲೂ ನನಗೆ ಶಹಾಬಾದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ತಣ್ಣನೆಯ ಕಲ್ಲಿನ ನೆಲದ ಮೇಲೆ ಚಾದರ ಹಾಸಿ ಅಪ್ಪ, ಅವ್ವ, ಪಕ್ಕದ ಮನೆಯ ಕಾಕಾ, ಕಾಕು ಇಸ್ಪೀಟಿನ ಬ್ರಿಜ್ ಆಡುತ್ತಿದ್ದರು; ಅಪ್ಪ-ಅವ್ವ ಒಂದು ಜೋಡಿ, ಕಾಕಾ-ಕಾಕು ಇನ್ನೊಂದು. ಎಷ್ಟು ಪಟ್ಟು ಗೆಲ್ಲುತ್ತೇವೆಂದು ಎಲ್ಲರಿಗಿಂತ ಹೆಚ್ಚು ಕೂಗಿದವರು ಆಟ ನಡೆಸಬೇಕು. ಅವರ ಜೋಡಿಯವರು ತಮ್ಮ ಎಲೆಗಳನ್ನು ಬಿಚ್ಚಿಟ್ಟು, ಡಮ್ಮಿಯಾಗಿ, ಬಾಯಿ ಮುಚ್ಚಿಕೊಂಡಿರಬೇಕು. ಡಮ್ಮಿಯೇ ಎದ್ದು ಚಹಾ ಮಾಡಬೇಕೆಂಬುದು ನಮ್ಮ ಮನೆಯ ಕಾನೂನು. ಯಾವಾಗಲೂ ಅಪ್ಪನೇ ಹೆಚ್ಚು ಕೂಗುತ್ತಿದ್ದ.

ಅವತ್ತು ಕಾಕು ಟೇಲರಿಂಗ್ ಅಂಗಡಿ ಹಾಕುವ ಮಾತೆತ್ತಿದರು.

"ಮನ್ಯಾಗ ಆರಾಮ ಕುಂದ್ರೋದು ಬಿಟ್ಟು ಅಂಗಡಿ ಯಾಕ್ರಿ ವೈನಿ?" ಅಪ್ಪ ನಕ್ಕ. "ಚಾ ಮಾಡೋದು, ಅಡಗಿ ಮಾಡೋದು, ಅದೇನ್ ಭಾಳ ಕೆಲ್ಸಾ?"

ಕಾಕು ತಲೆ ತಗ್ಗಿಸಿದರು. ಅಪ್ಪ ಮೂರು ಬದಾಮ್ ಕೂಗಿದ.

"ನಾಲ್ಕು ಇಸ್ಪೇಟ್," ಅಂದಳು ಅವ್ವ.

ಅವಳು ಅಪ್ಪನ ಮೇಲೆ ಕೂಗಿದ್ದನ್ನು ನಾನೆಂದೂ ಕಂಡಿರಲಿಲ್ಲ. ಕುತೂಹಲ ತಡೆಯದೆ ಬೆನ್ನ ಹಿಂದಿನಿಂದ ಇಣುಕಿದೆ. ಅವಳ ಕೈಯಲ್ಲಿ ಕರಿ ಇಸ್ಪೇಟಿನ ಒಂದು ಎಲೆಯೂ ಇರಲಿಲ್ಲ.

"ಅವ್ವಾ, ನಿನ್ನ ಕಡಿ..."

ಅವಳು ನನ್ನ ತೊಡೆ ಚಿವುಟಿದಳು.

ಯಾರೂ ಮುಂದೆ ಕೂಗಲಿಲ್ಲ. ಅಪ್ಪ ಎಲೆ ಬಿಚ್ಚಿಟ್ಟು ಅಡುಗೆಮನೆಗೆ ಹೋದ. ಡಬ್ಬಿಗಳು ಒಂದೊಂದಾಗಿ ಸಪ್ಪಳ ಮಾಡಿದವು. ಆಮೇಲೆ ಸುಟ್ಟ ಹಾಲಿನ ವಾಸನೆಯ ಜೊತೆ ಅವನ ದನಿ ಬಂತು.

"ಏ ಇಕಿ, ಸಕ್ಕರಿ ಎಲ್ಲಿಟ್ಟೀದಿ?"

ಅವ್ವ ಎಲೆಗಳಿಂದ ಕಣ್ಣೆತ್ತಲಿಲ್ಲ.

"ಡಮ್ಮಿ ಮಾತಾಡಂಗಿಲ್ರಿ."